ಮಂಗಳವಾರದ ಬೋಣಿ

"ಐದು ಗಂಟೆಗೆ ನಾನು ಈ ಗುಂಡಿ ಒತ್ತಲೇಬೇಕು ನಾಂಗ್," ಎಂದಳು ಕಾರ್ಡ್ ಕಂಪನಿಯ ರೊವೇನಾ. "ಒತ್ತದಿದ್ರೆ ನನ್ನ ಕೆಲ್ಸ ಹೋಗತ್ತೆ. ಒತ್ತಿದ್ರೆ ನಿಮ್ದು ಹೋಗತ್ತೆ."

ಅವಳು ಲ್ಯಾಪ್‌ಟಾಪನ್ನು ಅಂಗಡಿಯ ಯಜಮಾನಿ ಬಸಿಲಿಸಾಳ ಕಡೆಗೆ ತಿರುಗಿಸಿದಳು. ಇಲ್ಲಿ ಹಿರಿಯ ಹೆಂಗಸನ್ನು ನಾಂಗ್ ಎಂದು ಕರೆಯುತ್ತಾರೆ, ತಮಗಿಂತ ಚಿಕ್ಕ ಗಂಡಸನ್ನು ದೊಂಗ್ ಎಂದು. ಕೆಂಪು ಚೌಕದೊಳಗೆ ಅಂಗಡಿಯ ಹೆಸರಿತ್ತು: ಓಂಪದ್ ಗಿಟಾರ್ಸ್, ಅಬುನೋ, ಲಾಪುಲಾಪು ನಗರ. ಗೋಡೆಯ ಗಡಿಯಾರದಲ್ಲಿ ಮೂರೂ ನಲವತ್ತು.

ಒಂದು ತಿಂಗಳಲ್ಲಿ ಮೂರು ಗಿಟಾರುಗಳು ಕದ್ದ ಕಾರ್ಡುಗಳ ಮೇಲೆ ಮಾರಾಟವಾಗಿ ಮಾಯವಾಗಿದ್ದವು. ಮೂರೂ ಕಾರ್ಡುಗಳ ಅಂಕಿಗಳನ್ನು ಒತ್ತಿದ್ದು ಈ ಅಂಗಡಿಯ ಫೋನಿನಲ್ಲೇ. ಕಳ್ಳ ಯಾರೆಂದು ಹುಡುಕಲು ಬಸಿಲಿಸಾ ಕರೆಸಿದ ಡೆಲ್ಫಿನಾ ಇನೋಕ್ ಇಲ್ಲಿಗೆ ಬಂದು ಇಂದಿಗೆ ನಾಲ್ಕನೆಯ ದಿನ.

ಡೆಲ್ಫಿನಾ ಮೊದಲು ಬ್ಯಾಂಕೊಂದರ ದೂರು ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತಿದ್ದವಳು. ಜನ ಸುಳ್ಳು ಹೇಳುವಾಗ ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಈ ಅಂಗಡಿಯಲ್ಲಿ ಯಾರೂ ಸುಳ್ಳು ಹೇಳುತ್ತಿರುವಂತೆ ಕಾಣುತ್ತಿರಲಿಲ್ಲ. ಅದೇ ಅವಳ ಕಷ್ಟವಾಗಿತ್ತು.

"ಇನ್ನೊಂದು ಸಲ ಹೇಳಮ್ಮ," ಎಂದು ಅವಳು ರೊವೇನಾಳನ್ನು ಕೇಳಿದಳು. "ತಪ್ಪು ತಿಳ್ಕೊಂಡಿದ್ರೆ ಅಂತ ನಂಗೆ ಭಯ."

ಕಾರ್ಡ್ ಕಂಪನಿಯ ಆ ಹುಡುಗಿ ಬೇಸರಪಡದೆ ಮತ್ತೆ ಹೇಳಿದಳು. ದೂರದ ಗಿರಾಕಿಯಿಂದ ಹಣ ಪಡೆಯಲು ಅಂಗಡಿಗೆ ಎರಡು ದಾರಿಗಳಿವೆ. ಒಂದು, ಫೋನಿನಿಂದ ಲಿಂಕ್ ಕಳಿಸುವುದು. ಗಿರಾಕಿ ಅದನ್ನು ತೆರೆದು ತನ್ನ ಕಾರ್ಡಿನ ಅಂಕಿಗಳನ್ನು ತಾನೇ ಹಾಕುತ್ತಾನೆ. ಕಾರ್ಡಿನ ನಿಜವಾದ ಯಜಮಾನನ ಫೋನಿಗೆ ಗುಟ್ಟಿನ ಸಂಖ್ಯೆ ಹೋಗುತ್ತದೆ, ಅದನ್ನು ಹಾಕಿದರೆ ಮಾತ್ರ ಹಣ ಬರುತ್ತದೆ. ಇನ್ನೊಂದು, ಗಿರಾಕಿ ಕಾರ್ಡಿನ ಅಂಕಿಗಳನ್ನು ಹೇಳುವುದು, ಅಂಗಡಿಯವರು ಅವನ್ನು ತಮ್ಮ ಫೋನಿನಲ್ಲಿ ಒತ್ತುವುದು. ಇದರಲ್ಲಿ ಗುಟ್ಟಿನ ಸಂಖ್ಯೆ ಇಲ್ಲ.

"ಮೂರು ಸಲನೂ ಲಿಂಕ್ ತೆರೀತಿಲ್ಲ ಅಂತ ಹೇಳಿ ನಂಬರ್ ಕೊಟ್ಟಿದಾರೆ. ಮೂರು ಸಲನೂ ಇವರು ಒತ್ತಿದಾರೆ," ಎಂದಳು ರೊವೇನಾ. "ನಮ್ಮ ಆಫೀಸಲ್ಲಿ ಎಲ್ಲರೂ ಒಂದೇ ಮಾತು ಹೇಳ್ತಿದಾರೆ. ಗಿರಾಕಿ ಅನ್ನೋರೇ ಇಲ್ಲ, ಅಂಗಡಿಯೋರೇ ಕಾರ್ಡ್ ನಂಬರ್ ಕೊಂಡ್ಕೊಂಡು ಬಂದು ಒತ್ತಿದಾರೆ ಅಂತ."

ಒತ್ತಿದವನು ರೆನಾಂತೆ. ನಲವತ್ತೈದು ವರ್ಷದ ಆ ಕುಶಲಕರ್ಮಿ ಮೂಲೆಯ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ಮೂವತ್ತು ವರ್ಷ ವಾರ್ನಿಶ್ ಹಚ್ಚಿ ಅವನ ಬೆರಳ ತುದಿಗಳು ಗಾಜಿನಂತೆ ನುಣುಪಾಗಿದ್ದವು. ಫೋನು ಅವನ ಬೆರಳನ್ನು ಬೆರಳೆಂದೇ ಒಪ್ಪುತ್ತಿರಲಿಲ್ಲ. ಅವನು ಅಂಕಿಗಳನ್ನು ಗೆಣ್ಣಿನಿಂದ ಒತ್ತುತ್ತಿದ್ದ.

"ಕದಿಯೋನು ಗೆಣ್ಣಲ್ಲಿ ಒತ್ತುತ್ತಾನಾ?" ಎಂದು ಬಸಿಲಿಸಾ ಮೊನ್ನೆ ಕೇಳಿದ್ದಳು. ರೊವೇನಾ ನಕ್ಕಿದ್ದಳು. ಆದರೆ ಅವಳ ಆಫೀಸು ನಗುವಂಥದ್ದಲ್ಲ.

ಆ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬುದು ಅಂಗಡಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅಂಗಡಿಯ ಹೆಸರು ಎಲ್ಲ ಕಂಪನಿಗಳೂ ನೋಡುವ ಪಟ್ಟಿಗೆ ಹೋಗುತ್ತದೆ. ಐದು ವರ್ಷ ಯಾರೂ ಅವರಿಗೆ ಲಿಂಕ್ ಕೊಡುವುದಿಲ್ಲ. ವಿಮಾನದಲ್ಲಿ ಗಿಟಾರು ಹೊರಲು ಹೆದರುವ ಪ್ರವಾಸಿಗಳು ಇಲ್ಲಿ ನುಡಿಸಿ ನೋಡಿ, ಮನೆಗೆ ಹೋಗಿ, ಅಲ್ಲಿಂದ ತರಿಸಿಕೊಳ್ಳುತ್ತಾರೆ. ಈಗ ಹತ್ತರಲ್ಲಿ ಏಳು ಗಿಟಾರು ಹೋಗುವುದು ಹಾಗೆಯೇ. ಲಿಂಕ್ ನಿಂತರೆ ಹಿತ್ತಲಲ್ಲಿ ಹಲಸಿನ ಹಲಗೆ ಬಗ್ಗಿಸುತ್ತಿರುವ ಆರು ಜನರ ಕೆಲಸವೂ ನಿಲ್ಲುತ್ತದೆ.

ಡೆಲ್ಫಿನಾ ಮೆಸೇಜುಗಳ ಪ್ರತಿಯನ್ನು ಮತ್ತೆ ಮಡಿಲಲ್ಲಿ ಹರಡಿಕೊಂಡಳು. ಇದು ಹನ್ನೆರಡನೆಯ ಸಲ.

ಗಿಟಾರಿನ ಡಬ್ಬಗಳು ಹೋದ ಜಾಗ ಅವಳಿಗೆ ಸಿಕ್ಕಿತ್ತು. ಕೊಂಡವರು ತಾವೇ ಕಳಿಸಿದ ಬೈಕ್ ಸವಾರ ಅವನ್ನು ಮಾರಿಗೊಂಡೋನಿನ ಒಂದು ಟೈರ್ ಅಂಗಡಿಯಲ್ಲಿ ಇಳಿಸಿದ್ದ. ಅದರ ಹಿಂದೆ ವ್ಯಾನ್ ಚಾಲಕರು ಬಾಡಿಗೆಗೆ ಹಿಡಿದ ನಲವತ್ತು ಸಣ್ಣ ಗೂಡುಗಳು, ನಲವತ್ತು ಬೀಗಗಳು. ಯಾರ ಗೂಡೆಂದು ತಿಳಿಯದೆ ಯಾವುದನ್ನೂ ಒಡೆಯುವ ಹಾಗಿರಲಿಲ್ಲ.

ಹೊರಗೆ ರಸ್ತೆಯಾಚೆ ತೊರಿಬಿಯಾಳ ಗೊಣಗಾಟ ಕೇಳಿಸಿತು. ಅವಳು ಮಧ್ಯಾಹ್ನ ಮೂರೂವರೆಗೆ ಒಲೆ ಹಚ್ಚಿ ಸುಟ್ಟ ಮಾಂಸದ ಕಡ್ಡಿ ಮಾರುವವಳು. ಯಾರೋ ಮೂರು ಕಡ್ಡಿ ಮುಟ್ಟಿ ನೋಡಿ, ಏನೂ ಕೊಳ್ಳದೆ ಹೋಗಿದ್ದರು.

"ಬೋಣಿ ಹೊತ್ತಲ್ಲಿ ಮುಟ್ಟಿ ಬಿಟ್ಟು ಹೋದ್ಯಲ್ಲೋ ದೊಂಗ್. ನಿನ್ನ ಕೈ ಒಣಗಿ ಹೋಗ್ಲಿ. ಒಲೆ ಹಚ್ಚಿದ್ದು ನೋಡ್ಕೊಂಡೇ ಬರ್ತಾರೆ ಹಾಳಾದೋರು."

ಡೆಲ್ಫಿನಾಳ ಬೆರಳು ಕಾಗದದ ಮೇಲೆ ನಿಂತಿತು.

ಮೂರನೆಯ ಮೆಸೇಜು. ಮಂಗಳವಾರ, ಹನ್ನೊಂದು ಗಂಟೆ ಹತ್ತು ನಿಮಿಷ. ಕೆನಡಾದ ಹ್ಯಾಲಿಫ್ಯಾಕ್ಸಿನ ನಿವೃತ್ತ ಶಿಕ್ಷಕಿ ಹ್ಯಾರಿಯೆಟ್ ಹೆಸರಿನಲ್ಲಿ ಬಂದದ್ದು. ಆಕೆ ಹೋದ ವರ್ಷ ಅಂಗಡಿಗೆ ನಿಜವಾಗಿಯೂ ಬಂದು ಹೋಗಿದ್ದಳು. ಮೆಸೇಜು ಹೀಗಿತ್ತು: "ಈಗಷ್ಟೇ ಬಾಗಿಲು ತೆಗೆದಿದ್ದೀರಿ. ಇವತ್ತಿನ ಬ್ವೆನಾ ಮಾನೋ ನಾನೇ. ಇಲ್ಲ ಅನ್ನಬೇಡಿ, ಎರಡು ಸಾವಿರ ಪೆಸೊ ಬಿಡಿ."

ಬ್ವೆನಾ ಮಾನೋ, ಅಂದರೆ ಬೋಣಿ. ಈ ದ್ವೀಪದಲ್ಲಿ ಬೋಣಿ ಗಿರಾಕಿಯನ್ನು ಯಾರೂ ಬರಿಗೈಲಿ ಕಳಿಸುವುದಿಲ್ಲ. ಡೆಲ್ಫಿನಾ ಹುಟ್ಟಿ ಬೆಳೆದದ್ದೇ ಈ ಮಾತಿನ ನಡುವೆ. ಅದಕ್ಕೇ ಹನ್ನೊಂದು ಸಲ ಓದಿದರೂ ಅದು ಅವಳ ಕಣ್ಣಿಗೆ ಚುಚ್ಚಿರಲಿಲ್ಲ. ಬಸಿಲಿಸಾ ಕೂಡ, ಪರದೇಶದ ಹೆಂಗಸು ನಮ್ಮ ಮಾತು ನೆನಪಿಟ್ಟುಕೊಂಡಿದ್ದಾಳೆ ಎಂದು ಹಿಗ್ಗಿದ್ದಳಂತೆ.

"ನಾಂಗ್," ಎಂದಳು ಡೆಲ್ಫಿನಾ ಮೆಲ್ಲಗೆ. "ನೀವು ದಿನಾ ಎಷ್ಟು ಹೊತ್ತಿಗೆ ಬಾಗಿಲು ತೆಗೀತೀರಿ?"

"ಏಳಕ್ಕೆ. ನಮ್ಮಪ್ಪನ ಕಾಲದಿಂದ್ಲೂ ಏಳಕ್ಕೇ."

"ಮಂಗಳವಾರ?"

ಬಸಿಲಿಸಾ ಕೆನ್ನೆ ಮುಟ್ಟಿಕೊಂಡಳು. ಮಂಗಳವಾರ ಬೆಳಿಗ್ಗೆ ದವಡೆಹಲ್ಲು ಕೀಳಿಸಲು ಹೋಗಿದ್ದಳು. ರೆನಾಂತೆ ಬೈಕಿನಲ್ಲಿ ಕರೆದೊಯ್ದಿದ್ದ. ವಾಪಸು ಬಂದು ಬಾಗಿಲು ಎತ್ತಿದಾಗ ಹನ್ನೊಂದು.

ಡೆಲ್ಫಿನಾ ಆ ಸಾಲನ್ನು ಮತ್ತೆ ಓದಿದಳು. ಹ್ಯಾಲಿಫ್ಯಾಕ್ಸಿನಲ್ಲಿ ಕೂತ ಹೆಂಗಸಿಗೆ ಈ ಬಾಗಿಲು ಈಗಷ್ಟೇ ತೆರೆಯಿತೆಂದು ಹೇಗೆ ತಿಳಿಯಿತು? ಬರೆದವರು ಈ ರಸ್ತೆಯಲ್ಲೇ ಇದ್ದರು.

ಆದರೆ ತಕ್ಷಣವೇ ಅವಳ ಹಳೆಯ ಅನುಮಾನ ಎದ್ದು ಕೂತಿತು. ರಸ್ತೆಯಲ್ಲಿದ್ದವರಿಗೆ ತಿಳಿದದ್ದು ರೆನಾಂತೆಗೂ ತಿಳಿದಿತ್ತು. ರೊವೇನಾ ಕೂಡ ಅದನ್ನೇ ಯೋಚಿಸುತ್ತಿದ್ದಳು, ಅವಳ ನೋಟ ಮೂಲೆಯ ಕಡೆ ಹೋಯಿತು.

"ಅಂದ್ರೆ ಅವತ್ತು ನಿಮ್ಮ ಬೋಣಿ ಈ ಗಿಟಾರೇ ಅಲ್ವಾ?" ಎಂದು ಡೆಲ್ಫಿನಾ ಕೇಳಿದಳು.

ಮೊದಲ ಸಲ ರೆನಾಂತೆ ತಲೆ ಎತ್ತಿದ.

"ಅಲ್ಲ. ಬೋಣಿ ಹಲ್ಲಿನ ಡಾಕ್ಟ್ರದ್ದು."

ಅವನು ನಿಧಾನವಾಗಿ ಹೇಳಿದ. ಬಸಿಲಿಸಾ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದಾಗ ಡಾಕ್ಟರು ಮಾತು ತೆಗೆದಿದ್ದರು. ಮಗಳ ಹುಟ್ಟುಹಬ್ಬಕ್ಕೆ ಪುಟ್ಟ ಉಕುಲೆಲೆ ಬೇಕಾಗಿತ್ತು. ರೆನಾಂತೆ ಫೋನಿನಲ್ಲಿ ಚಿತ್ರ ತೋರಿಸಿದ. ಅಲ್ಲಿಂದಲೇ ಲಿಂಕ್ ಕಳಿಸಿದ. ಡಾಕ್ಟರು ಒಂದು ಕೈಯಲ್ಲಿ ಇಕ್ಕಳ ಹಿಡಿದು ಇನ್ನೊಂದರಲ್ಲಿ ಹಣ ಕಟ್ಟಿದರು.

"ಅಂಗಡಿಗೆ ಬಂದ ತಕ್ಷಣ ನಾಂಗ್ ಮೊದ್ಲು ಮಾಡಿದ್ದು ಅದೇ," ಎಂದ ಅವನು. "ಹಣ ಬಂದಿತ್ತಲ್ಲ, ಆ ಫೋನ್ ತಗೊಂಡು ಒಂದೊಂದು ಗಿಟಾರಿಗೂ ಮುಟ್ಟಿಸಿದ್ರು. ಬೋಣಿ ನೋಟು ಮುಟ್ಟಿಸಲ್ವಾ, ಹಾಗೆ."

ರೊವೇನಾ ಆಗಲೇ ಲ್ಯಾಪ್‌ಟಾಪಿನಲ್ಲಿ ಹುಡುಕುತ್ತಿದ್ದಳು. ಮಂಗಳವಾರ, ಒಂಬತ್ತೂ ಐವತ್ತೆರಡು, ಉಕುಲೆಲೆ ಒಂದು, ಲಿಂಕ್ ಮೂಲಕ. ಅವಳು ತಲೆದೂಗಿದಳು.

"ಮತ್ತೆ ಆ ಮೆಸೇಜಿಗೆ ಬೋಣಿ ನಿಮ್ದಲ್ಲ ಅಂತ ಯಾಕೆ ಹೇಳ್ಲಿಲ್ಲ ನಾಂಗ್?" ಎಂದು ಅವಳು ಬಸಿಲಿಸಾಳನ್ನು ಕೇಳಿದಳು.

"ಬಾಯಲ್ಲಿ ಹತ್ತಿ ಇತ್ತಮ್ಮ," ಎಂದಳು ಬಸಿಲಿಸಾ. "ಕೊಟ್ಬಿಡು ಅಂತ ತಲೆ ಆಡಿಸಿದೆ. ಬೋಣಿ ಅಂತ ಕೇಳಿದೋರಿಗೆ ನೀನು ಎರಡ್ನೇಯೋನು ಅನ್ನೋಕಾಗತ್ತಾ?"

ಡೆಲ್ಫಿನಾ ಎದ್ದು ಬಾಗಿಲವರೆಗೆ ಹೋಗಿ ತಿರುಗಿ ಬಂದಳು. ತಾನು ಎಲ್ಲಾದರೂ ಎಡವಿದ್ದೇನೆಯೇ ಎಂದು ಮನಸ್ಸಿನಲ್ಲೇ ಎರಡು ಸಲ ಲೆಕ್ಕ ಹಾಕಿದಳು. ಇಲ್ಲ, ಸರಿಯಾಗಿತ್ತು. ಅಂಗಡಿಯ ಒಳಗಿನವರಿಗೆ ಬೋಣಿ ಆಗಿಹೋಗಿದೆ ಎಂದು ಗೊತ್ತು. ದೂರದೇಶದವರಿಗೆ ಬಾಗಿಲು ಮುಚ್ಚಿತ್ತೆಂದೇ ಗೊತ್ತಿಲ್ಲ. ಮುಚ್ಚಿದ ಬಾಗಿಲನ್ನು ನೋಡಿದವನು, ಒಳಗೆ ಯಾರೂ ಹೋಗದ್ದನ್ನು ನೋಡಿದವನು, ಅವನೊಬ್ಬನೇ ಆ ಗಿಟಾರೇ ಬೋಣಿ ಎಂದು ನಂಬಬಲ್ಲ. ಅಂಗಡಿ ಮುಚ್ಚಿದ್ದಾಗಲೂ ವ್ಯಾಪಾರ ಆಗಬಹುದು ಎಂಬುದು ಅವನ ತಲೆಗೆ ಹೊಳೆದಿಲ್ಲ.

ಅವಳು ರಸ್ತೆ ದಾಟಿ ತೊರಿಬಿಯಾಳನ್ನು ವಿಚಾರಿಸಿದಳು. ಮಂಗಳವಾರ ಬೆಳಿಗ್ಗೆ ಇಲ್ಲಿ ಯಾರಿದ್ದರು? ತೊರಿಬಿಯಾ ಬೀಸಣಿಗೆ ಬೀಸುತ್ತಲೇ ಹೇಳಿದಳು. ತಾನು ಇದ್ದಿಲು ಇಳಿಸಿಕೊಳ್ಳಲು ಬಂದಿದ್ದೆ, ಹತ್ತರಿಂದಲೂ ನೆಸ್ತೋರನ ವ್ಯಾನು ಖಾಲಿ ನಿಂತಿತ್ತು, ಒಬ್ಬ ಪ್ರವಾಸಿಯೂ ಇರಲಿಲ್ಲ. ಅಷ್ಟು ಹೇಳಿ ಗಲ್ಲದಿಂದ ತನ್ನ ಬೆಂಚಿನ ಕಡೆ ತೋರಿಸಿದಳು.

ನೆಸ್ತೋರ್ ದುಂಗೋಗ್ ಅಲ್ಲೇ ಕೂತು ತೆಂಗಿನ ಗರಿಯ ಪೊಟ್ಟಣ ಬಿಚ್ಚಿ ಅನ್ನದ ಜೊತೆ ಮಾಂಸದ ಕಡ್ಡಿ ತಿನ್ನುತ್ತಿದ್ದ. ಹತ್ತು ವರ್ಷದಿಂದ ಹೋಟೆಲುಗಳ ಪ್ರವಾಸಿಗಳನ್ನು ಈ ರಸ್ತೆಗೆ ತರುತ್ತಿದ್ದವನು. ಅಂಗಡಿಯಲ್ಲಿ ಅವರು ಕೊಂಡದ್ದಕ್ಕೆಲ್ಲ ಅವನಿಗೆ ಪಾಲು ಸಿಗುತ್ತಿತ್ತು.

ಡೆಲ್ಫಿನಾ ಅವನನ್ನು ಒಳಗೆ ಕರೆದಳು. ಊರಿನ ಇಬ್ಬರು ಕಾವಲುಗಾರರನ್ನೂ ಕರೆಸಿದಳು. ಕುತೂಹಲಕ್ಕೆ ಅಕ್ಕಪಕ್ಕದ ಗಿಟಾರಿನವರೂ ಬಾಗಿಲಲ್ಲಿ ನೆರೆದರು. ಗಡಿಯಾರದಲ್ಲಿ ನಾಲ್ಕೂ ಐದು.

"ಏನು ನಾಂಗ್, ಪಾರ್ಟಿನಾ?" ಎಂದ ನೆಸ್ತೋರ್ ಬೆರಳು ಚೀಪುತ್ತ.

"ಒಂದೇ ಪ್ರಶ್ನೆ ದೊಂಗ್. ಎಲ್ಲರ್ನೂ ಕೇಳ್ತಿದೀನಿ. ಮಂಗಳವಾರ ಈ ಅಂಗಡಿ ಬೋಣಿ ಯಾವ್ದು?"

ಬಾಗಿಲಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಗೊತ್ತಿಲ್ಲ ಎಂದರು. ತೊರಿಬಿಯಾ, ತನ್ನ ಬೋಣಿಯ ಚಿಂತೆಯೇ ತನಗೆ ಸಾಕಾಗಿದೆ ಎಂದಳು. ಜನ ನಕ್ಕರು. ನೆಸ್ತೋರನೂ ನಕ್ಕ. ನಗುತ್ತಲೇ ರೆನಾಂತೆಯ ಕಡೆ ತಿರುಗಿದ.

"ಇವನ್ನ ಕೇಳಿ. ಹನ್ನೊಂದರ ತನಕ ಬಾಗ್ಲೇ ತೆಗ್ದಿರ್ಲಿಲ್ಲ ಮಹಾನುಭಾವ್ರು. ತೆಗ್ದಿದ್ದೇ ತಡ ಕದ್ದ ಕಾರ್ಡಲ್ಲಿ ಬೋಣಿ. ಚಿಪ್ಪಿನ ಹೂವಿನ ಹಲಸಿನ ಗಿಟಾರು. ದರಿದ್ರ ಹಿಡೀದೆ ಇನ್ನೇನಾಗತ್ತೆ ಅಂಗಡಿಗೆ?"

ಡೆಲ್ಫಿನಾ ಮೆಸೇಜಿನ ಕಾಗದವನ್ನು ಮಡಿಸಿದಳು.

"ಮೂರು ಗಿಟಾರು ಹೋಯ್ತು ಅನ್ನೋದು ಈ ರಸ್ತೆಗೆಲ್ಲ ಗೊತ್ತು," ಎಂದಳು ಆಮೇಲೆ. "ಯಾವ್ದು ಯಾವ ದಿನ ಹೋಯ್ತು ಅನ್ನೋದನ್ನ ನಾವು ಯಾರಿಗೂ ಹೇಳಿಲ್ಲ."

"ಯಾರೋ ಅಂದ್ರು. ಕೇಳ್ದೆ."

"ಯಾರೂ ಅಂದಿರೋಕೆ ಸಾಧ್ಯ ಇಲ್ಲ ದೊಂಗ್. ಅದು ಬೋಣಿ ಅಲ್ಲ. ಅವತ್ತಿನ ಬೋಣಿ ಒಂದು ಉಕುಲೆಲೆ. ಹತ್ತಕ್ಕೆ ಮೊದ್ಲೇ, ಹಲ್ಲಿನ ಡಾಕ್ಟ್ರ ಕುರ್ಚೀಲಿ ಆಗಿಹೋಗಿತ್ತು. ಈ ಅಂಗಡಿಯೋರೆಲ್ಲ ಅದೇ ಹೇಳ್ತಾರೆ, ಕಂಪನಿ ಪುಸ್ತಕನೂ ಅದೇ ಹೇಳತ್ತೆ. ಆ ಗಿಟಾರೇ ಬೋಣಿ ಅಂತ ಅಂದ್ಕೊಂಡಿರೋನು ಭೂಮಿ ಮೇಲೆ ಒಬ್ನೇ. ನಾನೇ ಬೋಣಿ ಅಂತ ಮೆಸೇಜ್ ಬರ್ದೋನು."

ಅಂಗಡಿಯೊಳಗೆ ಹಿತ್ತಲಿನ ರಂದದ ಸದ್ದು ಕೂಡ ನಿಂತಿತ್ತು. ಆರು ಜನ ಕೆಲಸದವರು ನಡುಬಾಗಿಲಿಗೆ ಬಂದು ನಿಂತಿದ್ದರು.

ನೆಸ್ತೋರ್ ಬಾಗಿಲ ಕಡೆ ಒಂದು ಹೆಜ್ಜೆ ಇಟ್ಟ. ಡೆಲ್ಫಿನಾ ಅವನ ಸೊಂಟದ ಬೀಗದಕೈ ಗೊಂಚಲನ್ನು ನೋಡಿದಳು. ವ್ಯಾನಿನದು, ಮನೆಯದು, ಮತ್ತೊಂದು ಸಣ್ಣ ಹಿತ್ತಾಳೆಯದು.

"ಮಾರಿಗೊಂಡೋನಿನ ಟೈರ್ ಅಂಗಡಿ ಹಿಂದಿನ ಗೂಡಿಂದು ತಾನೇ ಅದು?"

ಅವನು ಹೆಚ್ಚು ಹೊತ್ತು ವಾದಿಸಲಿಲ್ಲ. ಅಂಗಡಿಯೊಳಗಿನ ಬೆಂಚಿನ ಮೇಲೆ ಕುಸಿದು ಕೂತು, ಬಸಿಲಿಸಾಳನ್ನೇ ದಿಟ್ಟಿಸಿದ. ಕಾರ್ಡುಗಳು ಎಲ್ಲಿಂದ ಎಂದು ಕೇಳಿದ್ದಕ್ಕೆ ಅವನೇ ಹೇಳಿದ: ದ್ವೀಪ ಸುತ್ತಾಟದ ಮುಂಗಡಕ್ಕೆಂದು ಪ್ರವಾಸಿಗಳು ಅವನಿಗೆ ಕಾರ್ಡಿನ ಫೋಟೋ ಕಳಿಸುತ್ತಿದ್ದರು. ಮೂವರೂ ಅವನ ವ್ಯಾನಿನಲ್ಲಿ ಕೂತವರು.

"ಆ ಜನನ್ನ ನಿಮ್ಮ ಬಾಗ್ಲಿಗೆ ತಂದೋನು ನಾನು ನಾಂಗ್," ಎಂದ. "ಮಳೇಲಿ, ಬಿಸ್ಲಲ್ಲಿ ತಂದಿದೀನಿ. ಅವ್ರು ನೋಡ್ತಾರೆ, ನುಡಿಸ್ತಾರೆ, ಮನೆಗೆ ಹೋಗಿ ಲಿಂಕಲ್ಲಿ ತಗೊಳ್ತಾರೆ. ನನ್ನ ಪಾಲು ಎಲ್ಲಿ? ಲಿಂಕಲ್ಲಿ ನಾನಿಲ್ವಲ್ಲ."

ಬಸಿಲಿಸಾ ಅವನ ಎದುರಿಗೆ ಬಂದು ನಿಂತಳು.

"ಕೇಳಿದ್ರೆ ಕೊಡ್ತಿದ್ದೆ ಕಣೋ. ನೀನು ಕೇಳ್ಲಿಲ್ಲ. ರೆನಾಂತೆ ಹೆಸ್ರಿಗೆ ಮಸಿ ಬಳಿದೆ."

ಕಾವಲುಗಾರರು ಅವನನ್ನು ಅವನದೇ ವ್ಯಾನಿನಲ್ಲಿ ಕೂರಿಸಿಕೊಂಡು ಮಾರಿಗೊಂಡೋನಿಗೆ ಹೋದರು. ಅಲ್ಲಿಯವರೆಗೂ ರೊವೇನಾ ಲ್ಯಾಪ್‌ಟಾಪನ್ನು ಮುಟ್ಟಲಿಲ್ಲ. ಹೇಳಿಕೆ ಸಾಲದು, ಮಾಲು ಕಣ್ಣಿಗೆ ಕಾಣಬೇಕು ಎಂಬುದು ಅವಳ ಆಫೀಸಿನ ಕಟ್ಟಳೆ. ನಾಲ್ಕೂ ಮೂವತ್ತು ಆಯಿತು. ನಾಲ್ಕೂ ನಲವತ್ತಾಯಿತು. ಗೂಡು ಖಾಲಿಯಾಗಿದ್ದರೆ ಏನು ಗತಿ ಎಂದು ಡೆಲ್ಫಿನಾ ಮನಸ್ಸಿನಲ್ಲೇ ಬೆವರಿದಳು.

ನಾಲ್ಕೂ ಐವತ್ತೊಂದಕ್ಕೆ ವ್ಯಾನು ತಿರುವಿನಲ್ಲಿ ಕಾಣಿಸಿತು.

ಹಿಂಬದಿಯ ಬಾಗಿಲು ತೆರೆದು ಕಾವಲುಗಾರರು ಕಪ್ಪು ಪೆಟ್ಟಿಗೆಗಳನ್ನು ಇಳಿಸಿದಾಗ ರಸ್ತೆಯಲ್ಲಿ ಯಾರೋ ಸಿಳ್ಳೆ ಹಾಕಿದರು. ರೆನಾಂತೆ ಮೊದಲನೆಯದನ್ನು ತೆರೆದ. ಚಿಪ್ಪಿನ ಹೂವು ಹೊಳೆಯಿತು. ಅವನು ಅದನ್ನು ಎತ್ತಿ, ತಂತಿಯೊಂದನ್ನು ಮೀಟಿ, ಶ್ರುತಿ ಕೆಟ್ಟಿದೆ ಎಂದಷ್ಟೇ ಹೇಳಿ ಬೆನ್ನು ತಿರುಗಿಸಿ ನಿಂತ. ಅವನ ಭುಜ ಅಲುಗುತ್ತಿದ್ದುದನ್ನು ಎಲ್ಲರೂ ನೋಡಿಯೂ ನೋಡದಂತಿದ್ದರು.

ರೊವೇನಾ ಫೋಟೋ ತೆಗೆದಳು, ಗಿಟಾರಿನೊಳಗಿನ ಸಂಖ್ಯೆಗಳನ್ನು ತಾಳೆ ನೋಡಿದಳು, ನೆಸ್ತೋರನ ಹೇಳಿಕೆಯನ್ನು ಆಫೀಸಿಗೆ ಓದಿ ಹೇಳಿದಳು. ಫೋನಿನ ಆಚೆಗಿದ್ದವರು ಏನೋ ಕೇಳಿದರು. "ಬೋಣಿ ಸರ್, ಬೋಣಿ," ಎಂದಳು ಅವಳು. "ನೀವು ಮನೀಲಾದೋರು, ಆದ್ರೂ ಅರ್ಥ ಆಗ್ಬೇಕು."

ಐದಕ್ಕೆ ಎರಡು ನಿಮಿಷವಿದ್ದಾಗ ಕೆಂಪು ಚೌಕ ಹಸಿರಾಯಿತು.

"ನಂಬರ್ ಒತ್ತೋ ದಾರಿ ಮಾತ್ರ ಮುಚ್ತೀನಿ ನಾಂಗ್. ಇನ್ಮೇಲೆ ಬರೀ ಲಿಂಕ್. ತೆರೀತಿಲ್ಲ ಅಂದೋರಿಗೆ ಇನ್ನೊಂದು ಲಿಂಕ್."

"ಮುಚ್ಚಮ್ಮ, ಬೀಗ ಹಾಕು," ಎಂದಳು ಬಸಿಲಿಸಾ. ಅವಳ ದನಿ ಮೇಲೇಳಲಿಲ್ಲ. ಆದರೆ ಅವಳು ರೆನಾಂತೆಯ ಎರಡೂ ಕೈಗಳನ್ನು ಹಿಡಿದು, ಆ ನುಣುಪಾದ ಬೆರಳುಗಳನ್ನು ಹಣೆಗೆ ಒತ್ತಿಕೊಂಡಳು. ದೊಡ್ಡವರ ಕೈಯನ್ನು ಚಿಕ್ಕವರು ಹಣೆಗೆ ಒತ್ತಿಕೊಳ್ಳುವುದು ಇಲ್ಲಿನ ರೂಢಿ. ಯಜಮಾನಿ ಕೆಲಸದವನಿಗೆ ಹಾಗೆ ಮಾಡಿದ್ದನ್ನು ಆ ರಸ್ತೆ ಹಿಂದೆ ಕಂಡಿರಲಿಲ್ಲ.

ಹಿತ್ತಲಿನ ಆರು ಜನ ಒಬ್ಬರ ಬೆನ್ನನ್ನು ಒಬ್ಬರು ಗುದ್ದಿಕೊಂಡರು. ತೊರಿಬಿಯಾ ಒಂದು ತಟ್ಟೆ ಮಾಂಸದ ಕಡ್ಡಿ ಕಳಿಸಿ, ಇದು ಬಿಟ್ಟಿ, ಬೋಣಿ ಅಲ್ಲ ಎಂದು ಹೇಳಿ ಕಳಿಸಿದಳು. ಪಕ್ಕದ ಅಂಗಡಿಯ ಮುದುಕ ತನಗೂ ಒಂದು ಲಿಂಕ್ ಹಾಕಿಕೊಡಲು ಆಗುತ್ತದೆಯೇ ಎಂದು ರೊವೇನಾಳ ಕಿವಿಯಲ್ಲಿ ಕೇಳುತ್ತಿದ್ದ. ಡೆಲ್ಫಿನಾ ನಾಲ್ಕು ದಿನಗಳಲ್ಲಿ ಮೊದಲ ಸಲ ಕಾಲು ಚಾಚಿ ಕೂತಳು. ತಾನು ಗೆದ್ದಿದ್ದೇನೆ ಎಂದು ನಂಬಲು ಅವಳಿಗೆ ಇನ್ನೂ ಸ್ವಲ್ಪ ಹೊತ್ತು ಬೇಕಿತ್ತು.

"ನಾಂಗ್ ಡೆಲ್ಫಿನಾ," ಎಂದ ರೆನಾಂತೆ. "ಇಲ್ಲಿ ನಾಲ್ಕಿವೆ."

ಅವನು ಕೊನೆಯ ಪೆಟ್ಟಿಗೆಯ ಮುಂದೆ ಮಂಡಿಯೂರಿದ್ದ. ಒಳಗೊಂದು ಗಿಟಾರಿತ್ತು. ಒಳಗಿನ ಚೀಟಿಯಲ್ಲಿ ಓಂಪದ್ ಗಿಟಾರ್ಸ್ ಎಂದು ಅಚ್ಚಾಗಿತ್ತು, ಅದೇ ಅಕ್ಷರ, ಅದೇ ವಿಳಾಸ.

"ಇದು ನಮ್ದಲ್ಲ," ಎಂದ ಅವನು ಗೆಣ್ಣಿನಿಂದ ಮರವನ್ನು ತಟ್ಟಿ. "ಹಲಸಲ್ಲ. ನಾನು ಮಾಡಿದ ಕತ್ತೂ ಅಲ್ಲ."

ಪೆಟ್ಟಿಗೆಯ ಜೇಬಿನಲ್ಲಿ ಮಡಿಸಿದ ರಸೀದಿ ಸಿಕ್ಕಿತು. ರೊವೇನಾ ಬಿಡಿಸಿ ಓದಿದಳು, ಮತ್ತೊಮ್ಮೆ ಓದಿದಳು. ಲಿಂಕ್ ಮೂಲಕ ಹಣ ಸಂದಾಯ. ಪಡೆದವರು: ಓಂಪದ್ ಗಿಟಾರ್ಸ್. ದಿನಾಂಕ: ಈ ವರ್ಷದ ಮಾರ್ಚ್ ಹದಿನಾಲ್ಕು.

"ನಿಮಗೆ ನಾವು ಲಿಂಕ್ ಕೊಟ್ಟಿದ್ದು ಜೂನಲ್ಲಿ," ಎಂದಳು. ಅವಳ ಮುಖದ ಬಣ್ಣ ಇಳಿದಿತ್ತು. "ಇದು ನಮ್ಮ ಕಂಪನಿದೂ ಅಲ್ಲ. ನಿಮ್ಮ ಹೆಸರಲ್ಲಿ ಇನ್ಯಾರೋ ಒಂದು ಅಂಗಡಿ ನಡೆಸ್ತಿದಾರೆ ನಾಂಗ್. ನಿಮಗೆ ಲಿಂಕ್ ಸಿಗೋಕಿಂತ ಮೊದ್ಲಿಂದ."

ಡೆಲ್ಫಿನಾ ನೆಸ್ತೋರನ ಕಡೆ ತಿರುಗಿದಳು. ಅವನು ಕಾವಲುಗಾರರ ನಡುವೆ ನಿಂತು ಆ ಪೆಟ್ಟಿಗೆಯನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದಾಗ ಇರದಿದ್ದ ಭಯ ಈಗ ಅವನ ಕಣ್ಣಿನಲ್ಲಿತ್ತು.

"ನಾನು ತಗೊಂಡಿದ್ದು ಮೂರೇ," ಎಂದ. "ಇದು ನಂಗೆ ಕೊಟ್ಟಿದ್ದು. ದೂರದ ಕಾರ್ಡಲ್ಲಿ ಹೀಗೆಲ್ಲ ಮಾಡ್ಬಹುದು ಅಂತ ತೋರಿಸೋಕೆ."

"ಯಾರು ಕೊಟ್ರು?"

ನೆಸ್ತೋರ್ ಹೊರಗೆ ತಟ್ಟೆಯ ಸುತ್ತ ನಗುತ್ತ ನಿಂತಿದ್ದ ಜನರನ್ನು ಒಮ್ಮೆ ನೋಡಿ, ದನಿ ತಗ್ಗಿಸಿದ.

"ಮೊದ್ಲು ಬಾಗ್ಲು ಹಾಕಿ ನಾಂಗ್. ಅವ್ರೂ ಅಲ್ಲೇ ತಿಂತಾ ನಿಂತಿದಾರೆ."